ಹೀಟರ್ ಎಲ್ಲಿಡಬೇಕು: ಕಿಟಕಿಯ ಕೆಳಗೋ, ಒಳಗೋಡೆಗೋ?

ಪ್ರಶ್ನೆ: ನಮ್ಮ ಹಾಲ್ 4 ಮೀಟರ್ ಉದ್ದ, 3.5 ಮೀಟರ್ ಅಗಲ, 3 ಮೀಟರ್ ಎತ್ತರವಿದೆ. ಮೇಲೆ ಕಾಂಕ್ರೀಟ್ ತಾರಸಿ. ಹೊರಗಿನ ಗೋಡೆ ಒಂದೇ, ಅದರಲ್ಲಿ ಒಂಟಿ ಗಾಜಿನ ದೊಡ್ಡ ಕಿಟಕಿ. 1500 ವಾಟ್‌ನ ಆಯಿಲ್ ಹೀಟರನ್ನು ಎದುರಿನ ಒಳಗೋಡೆಯ ಮೂಲೆಯಲ್ಲಿ, ಬೀರುವಿನ ಪಕ್ಕ ಇಟ್ಟಿದ್ದೇವೆ. ಹೊರಗೆ 8 ಡಿಗ್ರಿ ಇರುವ ರಾತ್ರಿ ಎರಡು ಗಂಟೆ ಓಡಿಸಿದರೂ ತಲೆಗೆ ಬಿಸಿ, ಕಾಲಿಗೆ ಚಳಿ. ಕಿಟಕಿಯ ಕೆಳಗಿಡಿ ಎಂದು ಕೆಲವರು, ಅಲ್ಲಿಟ್ಟರೆ ಬಿಸಿಯೆಲ್ಲ ಹೊರಗೆ ಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ಮಲಗುವಾಗ ಅದನ್ನೇ ಬೆಡ್‌ರೂಮಿಗೆ ತಳ್ಳಿಕೊಂಡು ಹೋಗುತ್ತೇವೆ. ಸರಿಯಾದ ಜಾಗ ಯಾವುದು? ಬೇರೆ ಬಗೆಯ ಹೀಟರ್ ಕೊಂಡರೆ ಕರೆಂಟ್ ಉಳಿಯುತ್ತದೆಯೇ?

ಉತ್ತರ: ಎರಡು ಕಡೆಯವರ ಮಾತಿನಲ್ಲೂ ಅರ್ಧರ್ಧ ನಿಜವಿದೆ. ಆದರೆ ನಿಮ್ಮ ಹೀಟರ್ ಈಗ ಇರುವ ಜಾಗ ಮಾತ್ರ ಇಬ್ಬರ ಲೆಕ್ಕದಲ್ಲೂ ತಪ್ಪು. ತಲೆಗೆ ಬಿಸಿ, ಕಾಲಿಗೆ ಚಳಿ ಏಕೆ ಎಂಬುದು ತಿಳಿದರೆ ಜಾಗ ತಾನಾಗಿಯೇ ಗೊತ್ತಾಗುತ್ತದೆ.

ಕೋಣೆಯ ಗಾಳಿ 20 ಡಿಗ್ರಿ, ಹೊರಗೆ 8 ಡಿಗ್ರಿ ಇದ್ದಾಗ ಒಂಟಿ ಗಾಜಿನ ಒಳಮೈ ಸುಮಾರು 11 ಡಿಗ್ರಿಗೆ ಇಳಿದಿರುತ್ತದೆ. ಅದಕ್ಕೆ ತಾಗಿದ ಗಾಳಿ ತಣಿದು, ಭಾರವಾಗಿ, ಗಾಜಿನ ಮೇಲಿಂದ ಕೆಳಗೆ ಜಾರಿ ನೆಲದ ಮೇಲೆ ತೆಳುವಾಗಿ ಹರಡುತ್ತದೆ. ಅತ್ತ ಮೂಲೆಯಲ್ಲಿರುವ ಹೀಟರ್ ಬಿಸಿ ಮಾಡಿದ ಗಾಳಿ ನೇರ ಸೂರಿಗೇರುತ್ತದೆ, ಸೂರಿನಡಿಯಲ್ಲೇ ಸಾಗಿ ಕಿಟಕಿಯ ಹತ್ತಿರ ಬರುತ್ತದೆ, ಅಲ್ಲಿ ತಣಿದು ಇಳಿದು, ನೆಲದ ಮೇಲೆ ಹರಿದು ಹೀಟರಿಗೆ ಮರಳುತ್ತದೆ. ಈ ಸುತ್ತಿನ ಮೇಲಿನ ಅರ್ಧ ಬಿಸಿ, ಕೆಳಗಿನ ಅರ್ಧ ತಣ್ಣಗೆ. ನೀವು ಕೂತಿರುವುದು ಕೆಳಗಿನ ಅರ್ಧದಲ್ಲಿ. ಹೀಟರ್ ಜೋರು ಮಾಡಿದಷ್ಟೂ ಈ ಸುತ್ತಾಟ ಜೋರಾಗುತ್ತದೆ, ಪಾದಕ್ಕೆ ತಾಗುವ ತಂಪು ಗಾಳಿಯೂ.

ಇದು ಬರೀ ಹಿತದ ಪ್ರಶ್ನೆಯಲ್ಲ, ಖರ್ಚಿನದೂ ಹೌದು. ನಿಮ್ಮ ಕೋಣೆ ಕಳೆದುಕೊಳ್ಳುವ ಶಾಖವನ್ನು ಅಂದಾಜು ಮಾಡೋಣ. ಕಿಟಕಿ 2 ಚದರ ಮೀಟರ್ ಎಂದಿಟ್ಟುಕೊಂಡರೆ ಒಂಟಿ ಗಾಜಿನ ಮೂಲಕ ಹೋಗುವುದು ಸುಮಾರು 140 ವಾಟ್. ಉಳಿದ 10 ಚದರ ಮೀಟರ್ ಇಟ್ಟಿಗೆ ಗೋಡೆಯಿಂದ ಸುಮಾರು 250. ಸಂದುಗಳಿಂದ ಗಂಟೆಗೊಮ್ಮೆ ಕೋಣೆಯ ಗಾಳಿಯೆಲ್ಲ ಬದಲಾಗುತ್ತದೆ ಎಂದರೆ ಸುಮಾರು 165. ತಾರಸಿಯ ಮೂಲಕವೋ, 500 ವಾಟ್! ಎಲ್ಲರೂ ಕಿಟಕಿಯ ಬಗ್ಗೆ ವಾದ ಮಾಡುತ್ತಾರೆ, ನೆತ್ತಿಯ ಮೇಲಿನ ಕಾಂಕ್ರೀಟು ಒಟ್ಟು ನಷ್ಟದ ಅರ್ಧಕ್ಕೆ ಹತ್ತಿರ ನುಂಗುತ್ತಿರುತ್ತದೆ. ಅದೂ ಸೂರಿನಡಿಯ ಗಾಳಿ 20 ಡಿಗ್ರಿಯಲ್ಲೇ ಇದ್ದರೆ. ಅಲ್ಲಿ ಗಾಳಿ ಒಂದು ಡಿಗ್ರಿ ಹೆಚ್ಚು ಬಿಸಿಯಾದರೆ ನಷ್ಟ 42 ವಾಟ್ ಏರುತ್ತದೆ. ಸೂರಿನಡಿ 26 ಡಿಗ್ರಿ, ಕಾಲಡಿ 16 ಡಿಗ್ರಿ ಎಂಬ ಸ್ಥಿತಿಯಿದ್ದರೆ ತಾರಸಿಯೊಂದರಿಂದಲೇ 750 ವಾಟ್ ಹೊರಟುಹೋಗುತ್ತದೆ. ಹಾಗಾಗಿ ಹೀಟರಿಗೆ ಜಾಗ ಹುಡುಕುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಬಿಸಿಗಾಳಿ ಸೂರಿಗೆ ಹೋಗಿ ಕೂರುವ ಮೊದಲು ಜನ ಕೂರುವ ಎತ್ತರದಲ್ಲಿ ಕೆಲಸ ಮಾಡುವಂತೆ ಹೇಗೆ ಮಾಡುವುದು?

ಒಟ್ಟು ನಷ್ಟ ಸುಮಾರು 1050 ವಾಟ್, ನಿಮ್ಮ ಹೀಟರ್ 1500 ವಾಟ್. ಅಂದರೆ ಸಾಮರ್ಥ್ಯಕ್ಕೆ ಕೊರತೆಯಿಲ್ಲ. ಆದರೂ ಎರಡು ಗಂಟೆ ಸಾಲದೆ ಹೋಗುವುದಕ್ಕೆ ಇನ್ನೊಂದು ಕಾರಣವಿದೆ. ಕೋಣೆಯ ಗಾಳಿಯನ್ನಷ್ಟೇ 8ರಿಂದ 20 ಡಿಗ್ರಿಗೆ ಏರಿಸಲು ಬೇಕಾಗುವುದು 0.2 ಯೂನಿಟ್‌ಗೂ ಕಡಿಮೆ. ಆದರೆ 10 ಸೆಂಟಿಮೀಟರ್ ದಪ್ಪದ ನಿಮ್ಮ ತಾರಸಿಯನ್ನು ಒಂದೇ ಒಂದು ಡಿಗ್ರಿ ಬಿಸಿ ಮಾಡಲು 0.8 ಯೂನಿಟ್ ಬೇಕು. ಎರಡು ಗಂಟೆಯಲ್ಲಿ ಹೀಟರ್ ಕೊಡುವುದೇ 3 ಯೂನಿಟ್. ತಣ್ಣನೆಯ ಗಾರೆ, ಇಟ್ಟಿಗೆ, ಕಾಂಕ್ರೀಟು ಅದನ್ನು ಹೀರುತ್ತಲೇ ಇರುತ್ತವೆ. ಕಟ್ಟಡದ ಮೈ ತಣ್ಣಗಿರುವಾಗ ಕೂತವರಿಗೂ ಚಳಿಯೇ, ಏಕೆಂದರೆ ನಮಗೆ ತಿಳಿಯುವ ಬೆಚ್ಚಗೆ ಹೆಚ್ಚುಕಡಿಮೆ ಗಾಳಿಯ ಉಷ್ಣತೆ ಮತ್ತು ಸುತ್ತಲಿನ ಮೈಗಳ ಉಷ್ಣತೆಯ ಸರಾಸರಿ. ಗಾಳಿ 21, ಸುತ್ತಲಿನ ಮೈ 13 ಇದ್ದರೆ ದೇಹಕ್ಕೆ ಅನ್ನಿಸುವುದು 17.

ಈಗ ಕಿಟಕಿಯ ಕೆಳಗಿಡುವ ವಿಚಾರ. ಬಿಸಿನೀರಿನ ಕೊಳವೆಯ ರೇಡಿಯೇಟರುಗಳನ್ನು ಕಿಟಕಿಯ ಕೆಳಗೆ ಕೂರಿಸುವ ರೂಢಿ ಬಂದದ್ದು ಮೇಲೆ ಹೇಳಿದ ತಂಪು ಗಾಳಿಯನ್ನು ತಡೆಯಲಿಕ್ಕೆ. ಇಳಿಯುವ ತಂಪು ಗಾಳಿಗೆ ಏರುವ ಬಿಸಿಗಾಳಿ ಎದುರಾಗಿ ಎರಡೂ ಬೆರೆತುಬಿಡುತ್ತವೆ, ನೆಲದ ಮೇಲೆ ಹರಿಯಲು ತಂಪು ಗಾಳಿ ಉಳಿಯುವುದಿಲ್ಲ. ಕೋಣೆಯ ಮೇಲೆ ಕೆಳಗೆ ಉಷ್ಣತೆ ಸಮನಾಗುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಗಾಜು ಮತ್ತು ಹೀಟರಿನ ಹಿಂದಿನ ಗೋಡೆ ಹೆಚ್ಚು ಬಿಸಿಯಾಗುವುದರಿಂದ ಅವುಗಳ ಮೂಲಕ ಹೋಗುವ ಶಾಖ ಸ್ವಲ್ಪ ಹೆಚ್ಚುತ್ತದೆ. ‘ಬಿಸಿ ಹೊರಗೆ ಹೋಗುತ್ತದೆ’ ಎನ್ನುವವರು ಹೇಳುವುದು ಇದನ್ನೇ. ಒಂಟಿ ಗಾಜಿನ ಕೋಣೆಯಲ್ಲಿ ಈ ಬೆಲೆ ಕೊಡುವುದೇ ಲೇಸು. ಎರಡು ಪದರದ ಒಳ್ಳೆಯ ಗಾಜಿದ್ದರೆ ಒಳಮೈ 16 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ತಂಪು ಗಾಳಿಯ ಜಾರು ಅಷ್ಟಾಗಿ ಇರುವುದಿಲ್ಲ. ಅಂಥಲ್ಲಿ ಹೀಟರ್ ಒಳಗೋಡೆಗೆ ಇದ್ದರೂ ನಡೆಯುತ್ತದೆ.

ಆದರೆ ಗೋಡೆಗೆ ಕೂರಿಸಿದ ರೇಡಿಯೇಟರಿನ ನಿಯಮವನ್ನು ಚಕ್ರದ ಮೇಲಿನ ಎಲೆಕ್ಟ್ರಿಕ್ ಹೀಟರಿಗೆ ಹಾಗೇ ಅಂಟಿಸಬಾರದು. ಪರದೆ ಅಡ್ಡ ಬರುತ್ತದೆ. ನೆಲ ಮುಟ್ಟುವ ಪರದೆಯ ಹಿಂದೆ ಹೀಟರ್ ಇದ್ದರೆ ಬಿಸಿಗಾಳಿಯೆಲ್ಲ ಪರದೆ ಮತ್ತು ಗಾಜಿನ ನಡುವಿನ ಸಂದಿನಲ್ಲೇ ಮೇಲೇರುತ್ತದೆ. ನೀವು ಗಾಜನ್ನು ಕಾಯಿಸುತ್ತಿರುತ್ತೀರಿ. ಪರದೆಯ ಮುಂದೆ ಒತ್ತಿ ಇಟ್ಟರೆ ಬೆಂಕಿಯ ಭಯ. ಹೊತ್ತಿಕೊಳ್ಳುವ ಯಾವುದೇ ವಸ್ತು, ಅಂದರೆ ಪರದೆ, ಹಾಸಿಗೆ, ಸೋಫಾ, ಕಾಗದ, ಒಣಹಾಕಿದ ಬಟ್ಟೆ, ಹೀಟರಿನಿಂದ ಒಂದು ಮೀಟರ್ ದೂರವಿರಬೇಕು. ಇದರಲ್ಲಿ ರಿಯಾಯಿತಿಯಿಲ್ಲ.

ಆದ್ದರಿಂದ ನಿಮ್ಮ ಹಾಲಿಗೆ ನನ್ನ ಸಲಹೆ: ಹೀಟರನ್ನು ಕಿಟಕಿಗೂ ನೀವು ಕೂರುವ ಜಾಗಕ್ಕೂ ನಡುವೆ, ಪರದೆಯಿಂದ ಒಂದು ಮೀಟರ್ ದೂರಕ್ಕೆ ತಂದಿಡಿ. ಅದರ ಉದ್ದನೆಯ ಬದಿ ಕಿಟಕಿಗೆ ಸಮಾನಾಂತರವಾಗಿರಲಿ. ಕಿಟಕಿಯಿಂದ ಇಳಿದು ನೆಲದ ಮೇಲೆ ಬರುವ ತಂಪು ಗಾಳಿ ಪಾದ ಮುಟ್ಟುವ ಮೊದಲೇ ಹೀಟರಿನ ಕೆಳಗಿಂದ ಒಳಹೊಕ್ಕು ಬಿಸಿಯಾಗಿ ಏರುತ್ತದೆ. ರೆಕ್ಕೆಗಳಿಂದ ನೇರವಾಗಿ ಬರುವ ಶಾಖವೂ ಕಾಲಿಗೆ ಸಿಗುತ್ತದೆ. ಸೋಫಾಗೆ ಒಂದು ಮೀಟರ್ ಅಂತರ ಬಿಡಿ. ವೈರ್ ಓಡಾಡುವ ದಾರಿಗೆ ಅಡ್ಡ ಬರದಂತೆ ಗೋಡೆಗುಂಟ ಹೋಗಲಿ. ಹಾಗೆ ಹೋಗಲು ಸಾಧ್ಯವೇ ಇಲ್ಲದಿದ್ದರೆ ಈ ಜಾಗ ಬಿಟ್ಟು ಕಿಟಕಿಯ ಪಕ್ಕದ ಗೋಡೆಯ ಬುಡಕ್ಕೆ, ಪರದೆಯ ಅಂಚಿನಿಂದ ಮೀಟರ್ ದೂರಕ್ಕೆ ಇಡಿ. ಪರಿಣಾಮ ಸ್ವಲ್ಪ ಕಡಿಮೆಯಾದರೂ ಈಗಿನ ಮೂಲೆಗಿಂತ ಮೇಲು. ಪರದೆಯ ಬದಲು ಕಿಟಕಿಯ ಚೌಕಟ್ಟಿನೊಳಗೇ ಮುಗಿಯುವ, ಹೊತ್ತಿಕೊಳ್ಳದ ಬ್ಲೈಂಡ್ ಹಾಕಿಸಿದರೆ ಮಾತ್ರ ಹೀಟರನ್ನು ನೇರ ಕಿಟಕಿಯ ಕೆಳಗೆ ಸರಿಸಬಹುದು. ಆಗಲೂ ಗೋಡೆಯಿಂದ ಒಂದು ಗೇಣಾದರೂ ದೂರವಿರಲಿ. ಹಿಂದಿನ ಗೋಡೆಗೆ ಅಲ್ಯೂಮಿನಿಯಂ ಮೈಯ ಪ್ರತಿಫಲನ ಹಾಳೆ ಅಂಟಿಸುವುದು ಹೊರಗೋಡೆಯಾದರೆ ಉಪಯೋಗಕ್ಕೆ ಬರುತ್ತದೆ. ಒಳಗೋಡೆಗೆ ಅಂಟಿಸುವುದು ದಂಡ.

ಬೀರುವಿನ ಪಕ್ಕದ ಮೂಲೆ ಏಕೆ ಕೆಟ್ಟದ್ದು ಎಂಬುದಕ್ಕೆ ಇನ್ನೊಂದು ಮಾತು. ಇಂಥ ಹೀಟರುಗಳ ಥರ್ಮೋಸ್ಟಾಟ್ ಹೀಟರಿನ ಮೈಯಲ್ಲೇ ಇರುತ್ತದೆ, ಕೋಣೆಯ ಉಷ್ಣತೆ ಅದಕ್ಕೆ ಗೊತ್ತಿಲ್ಲ. ಮೂಲೆಯಲ್ಲಿ, ಎರಡು ಗೋಡೆ ಮತ್ತು ಬೀರುವಿನ ನಡುವೆ ಬಿಸಿಗಾಳಿ ಅಲ್ಲೇ ತಂಗಿದರೆ ಅದು ಕೋಣೆ ಬೆಚ್ಚಗಾಯಿತೆಂದು ತಿಳಿದು ಬೇಗ ಕಟ್ ಆಗುತ್ತದೆ. ನೀವು ಗುಂಡಿ ಇನ್ನಷ್ಟು ತಿರುಗಿಸುತ್ತೀರಿ, ಸೂರು ಇನ್ನಷ್ಟು ಕಾಯುತ್ತದೆ. ಸಂದಿರುವ ಬಾಗಿಲ ಬಳಿ ಇಟ್ಟರೆ ಇದಕ್ಕೆ ತದ್ವಿರುದ್ಧ: ತಂಪು ಗಾಳಿ ಬೀಸುತ್ತಲೇ ಇರುವುದರಿಂದ ಅದು ಕಟ್ ಆಗುವುದೇ ಇಲ್ಲ. ಗೋಡೆಗೆ ಪ್ರತ್ಯೇಕ ಥರ್ಮೋಸ್ಟಾಟ್ ಹಾಕಿಸುವವರು ಅದನ್ನು ಒಳಗೋಡೆಯ ಮೇಲೆ, ಸುಮಾರು 1.5 ಮೀಟರ್ ಎತ್ತರದಲ್ಲಿ, ಬಿಸಿಲು, ಟಿವಿ, ಬಾಗಿಲು, ಹೀಟರ್ ಯಾವುದರ ನೇರ ಪ್ರಭಾವವೂ ಇಲ್ಲದ ಕಡೆ ಹಾಕಿಸಬೇಕು.

ಜಾಗ ಬದಲಿಸಿದ್ದು ಫಲಿಸಿತೇ ಎಂದು ಅಂದಾಜಿನ ಮೇಲೆ ಹೇಳಬೇಡಿ, ಅಳೆಯಿರಿ. ಎರಡು ಸಾಧಾರಣ ಥರ್ಮಾಮೀಟರ್ ಸಾಕು. ಒಂದನ್ನು ನೀವು ಕೂರುವ ಜಾಗದಲ್ಲಿ ನೆಲದಿಂದ 10 ಸೆಂಟಿಮೀಟರ್ ಎತ್ತರಕ್ಕೆ, ಇನ್ನೊಂದನ್ನು 1.1 ಮೀಟರ್ ಎತ್ತರಕ್ಕೆ ಇಡಿ. ಮೊದಲನೆಯದು ಹರಡಿನ ಮಟ್ಟ, ಎರಡನೆಯದು ಕೂತವರ ತಲೆಯ ಮಟ್ಟ. ಎರಡಕ್ಕೂ ಹೀಟರಿನ ನೇರ ಶಾಖ ತಾಗದಂತೆ ನಡುವೆ ರಟ್ಟಿನ ಮರೆ ಇರಲಿ. ಒಂದು ಗಂಟೆಯ ನಂತರ ನೋಡಿ. ವ್ಯತ್ಯಾಸ 3 ಡಿಗ್ರಿಯ ಒಳಗಿದ್ದರೆ ಜಾಗ ಸರಿ. 5, 6 ಡಿಗ್ರಿ ಇದ್ದರೆ ಹೀಟರನ್ನು ಅರ್ಧ ಮೀಟರಿನಂತೆ ಸರಿಸಿ ಮತ್ತೆ ಅಳೆಯಿರಿ. ಹೊರಗಿನ ಚಳಿ ಹೆಚ್ಚುಕಡಿಮೆ ಒಂದೇ ಇರುವ ರಾತ್ರಿಗಳನ್ನೇ ಹೋಲಿಸಬೇಕು.

ಸೀಲಿಂಗ್ ಫ್ಯಾನಿಗೆ ತಿರುವುಮುರುವು ತಿರುಗುವ ಸ್ವಿಚ್ ಇದ್ದರೆ ಅದನ್ನು ಗಾಳಿ ಮೇಲಕ್ಕೆ ತಳ್ಳುವಂತೆ ಹಾಕಿ, ಅತಿ ನಿಧಾನದ ವೇಗದಲ್ಲಿ ಬಿಡಿ. ಸೂರಿನ ಬಿಸಿ ಗೋಡೆಗುಂಟ ಕೆಳಗಿಳಿಯುತ್ತದೆ. 3 ಮೀಟರ್ ಎತ್ತರದ ಕೋಣೆಯಲ್ಲಿ ಇದು ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ತರುತ್ತದೆ. ಆ ಸ್ವಿಚ್ ಇಲ್ಲದಿದ್ದರೆ ಫ್ಯಾನ್ ಹಾಕಲೇಬೇಡಿ, ಮೈಗೆ ಬೀಸುವ ಗಾಳಿಯೇ ಚಳಿ ಹುಟ್ಟಿಸುತ್ತದೆ.

ಹೀಟರ್ ಸರಿಸುವುದಕ್ಕಿಂತ ಸೋಫಾ ಸರಿಸುವುದು ಎಷ್ಟೋ ಸಲ ಹೆಚ್ಚು ಫಲ ಕೊಡುತ್ತದೆ, ಯಾರೂ ಅದನ್ನು ಯೋಚಿಸುವುದಿಲ್ಲ. ಹೊರಗೋಡೆಗೆ ಬೆನ್ನು ಕೊಟ್ಟು ಕೂತರೆ ದೇಹ ತನ್ನ ಶಾಖವನ್ನು ಆ ತಣ್ಣನೆಯ ಮೈಗೆ ಸೂಸುತ್ತಲೇ ಇರುತ್ತದೆ, ಗಾಳಿ ಎಷ್ಟೇ ಬೆಚ್ಚಗಿರಲಿ. ಆಸನವನ್ನು ಒಳಗೋಡೆಗೆ ತನ್ನಿ. ನೆಲಕ್ಕೆ ದಪ್ಪ ಜಮಖಾನೆ ಹಾಸಿ. ಸಂಜೆ ಕತ್ತಲಾಗುತ್ತಿದ್ದಂತೆ ದಪ್ಪ ಪರದೆ ಎಳೆದು, ಅದರ ಪಕ್ಕದ ಅಂಚುಗಳು ಗೋಡೆಗೆ ಒತ್ತಿರುವಂತೆ ನೋಡಿಕೊಳ್ಳಿ. ಅಂಚು ತೆರೆದಿದ್ದರೆ ಪರದೆಯ ಹಿಂದೆ ತಣಿದ ಗಾಳಿ ಕೆಳಗಿಂದ ಹೊರಟು ಬರುತ್ತದೆ. ಬಾಗಿಲ ಕೆಳಗಿನ ಸಂದು ಒಂದೂವರೆ ಸೆಂಟಿಮೀಟರ್ ಇದ್ದು ಬಾಗಿಲು 80 ಸೆಂಟಿಮೀಟರ್ ಅಗಲವಿದ್ದರೆ ಅದು 120 ಚದರ ಸೆಂಟಿಮೀಟರಿನ ತೂತು. ಅಂದರೆ ಗೋಡೆಯಲ್ಲಿ ಹನ್ನೆರಡು ಸೆಂಟಿಮೀಟರ್ ಅಗಲದ ಗುಂಡನೆಯ ಕಿಂಡಿ ಕೊರೆದಷ್ಟು. ತೆಳು ಕಾಗದದ ಪಟ್ಟಿ ಹಿಡಿದು ಚೌಕಟ್ಟಿನ ಸುತ್ತ ಸುತ್ತಿ ನೋಡಿ, ಅಲುಗಿದ ಕಡೆ ರಬ್ಬರ್ ಅಥವಾ ಫೋಮ್ ಪಟ್ಟಿ ಅಂಟಿಸಿ. ಮೇಲಂತಸ್ತಿಗೆ ಹೋಗುವ ಮೆಟ್ಟಿಲು ಹಾಲಿನಲ್ಲೇ ತೆರೆದುಕೊಂಡಿದ್ದರೆ ಹೀಟರನ್ನು ಮೆಟ್ಟಿಲ ಬುಡದಲ್ಲಂತೂ ಇಡಬೇಡಿ, ನೀವು ಕಾಯಿಸಿದ್ದೆಲ್ಲ ಮೇಲಿನವರಿಗೆ ಹೋಗುತ್ತದೆ.

ಇಷ್ಟು ಮಾಡಿದರೂ ತಾರಸಿಯ ನಷ್ಟ ಹಾಗೇ ಉಳಿಯುತ್ತದೆ. ಅದಕ್ಕೆ ಹೀಟರಿನ ಜಾಗ ಮದ್ದಲ್ಲ. ಸೂರಿನಡಿಗೆ ಅಥವಾ ತಾರಸಿಯ ಮೇಲೆ 5 ಸೆಂಟಿಮೀಟರ್ ಶಾಖನಿರೋಧಕ ಫಲಕ ಹಾಕಿಸಿದರೆ ಆ 500 ವಾಟ್ ಸುಮಾರು 100ರಿಂದ 120ಕ್ಕೆ ಇಳಿಯುತ್ತದೆ. ಮುಂದೆ ಮನೆಯ ದುರಸ್ತಿಗೆ ಕೈಹಾಕುವಾಗ ಹೊಸ ಹೀಟರಿಗಿಂತ ಮೊದಲು ಇದಕ್ಕೆ ಹಣ ತೆಗೆದಿಡಿ.

ಬೇರೆ ಹೀಟರ್ ಕೊಂಡರೆ ಕರೆಂಟ್ ಉಳಿಯುವುದೇ ಎಂದಿರಿ. ತಂತಿ ಕಾಯಿಸಿ ಬಿಸಿ ಕೊಡುವ ಯಾವ ಹೀಟರೇ ಆಗಲಿ, ಆಯಿಲ್, ಫ್ಯಾನ್, ರಾಡ್, ಪ್ಯಾನೆಲ್, ಒಂದು ಯೂನಿಟ್ ಕರೆಂಟಿಗೆ ಒಂದೇ ಯೂನಿಟ್ ಶಾಖ ಕೊಡುತ್ತದೆ. ‘ಅರ್ಧ ಕರೆಂಟಿನಲ್ಲಿ ಅಷ್ಟೇ ಬಿಸಿ’ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ನಂಬಬೇಡಿ. ವ್ಯತ್ಯಾಸ ಇರುವುದು ಆ ಶಾಖ ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿ. ವಿಕಿರಣದ ಹೀಟರ್, ಅಂದರೆ ಕೆಂಪಗೆ ಹೊಳೆಯುವ ಕ್ವಾರ್ಟ್ಜ್ ಅಥವಾ ಹ್ಯಾಲೊಜೆನ್ ರಾಡಿನದು, ಗಾಳಿಯನ್ನು ಹೆಚ್ಚು ಕಾಯಿಸದೆ ಎದುರಿಗಿರುವ ಮೈಯನ್ನು ಕಾಯಿಸುತ್ತದೆ. ಒಬ್ಬರೇ ಕೂತು ಎರಡು ಗಂಟೆ ಓದುವುದಾದರೆ 1500 ವಾಟ್‌ನಲ್ಲಿ ಕೋಣೆ ಕಾಯಿಸುವ ಬದಲು 600, 800 ವಾಟ್‌ನ ಇಂಥ ಹೀಟರನ್ನು ಒಂದರಿಂದ ಒಂದೂವರೆ ಮೀಟರ್ ದೂರದಲ್ಲಿ, ಮೊಣಕಾಲಿನತ್ತ ಮುಖ ಮಾಡಿ, ತುಸು ಓರೆಯಾಗಿ ಇಡುವುದು ಜಾಣತನ. ಅದು ಕಾಣುವುದನ್ನಷ್ಟೇ ಕಾಯಿಸುತ್ತದೆ, ಟೀಪಾಯಿ ಅಡ್ಡ ಬಂದರೆ ಟೀಪಾಯಿಯೇ ಬಿಸಿಯಾಗುವುದು. ಕಿಟಕಿಯತ್ತ ಮುಖ ಮಾಡಿಸಿದರೆ ಗಾಜು ಅದನ್ನು ಹೀರಿ ಹೊರಗೆ ದಾಟಿಸುತ್ತದೆ. ಗೋಡೆಗೆ ಹಾಕುವ ಇನ್‌ಫ್ರಾರೆಡ್ ಪ್ಯಾನೆಲಿಗೂ ಇದೇ ಮಾತು: ಕೂರುವವರಿಗೆ ಎದುರಾಗಿ, ಗಾಜಿಗೆ ಎದುರಾಗದಂತೆ. ಫ್ಯಾನ್ ಹೀಟರ್ ಐದು ನಿಮಿಷಕ್ಕೆ ಬಿಸಿ ಬೇಕಾದಾಗ ಸರಿ, ನೆಲದ ಮೇಲಿಟ್ಟು ಕಾಲಿನತ್ತ ಬೀಸುವಂತೆ ಇಡಿ. ಆರಿಸಿದ ಕೂಡಲೇ ಅದರ ಕಥೆ ಮುಗಿಯಿತು.

ನಿಜವಾಗಿ ಕರೆಂಟ್ ಉಳಿಸುವುದು ಒಂದೇ, ಬಿಸಿಗೂ ಬರುವ ಇನ್ವರ್ಟರ್ ಏಸಿ. ಅದು ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಿಂದ ಎತ್ತಿ ಒಳಗೆ ಹಾಕುತ್ತದೆ. ಹೊರಗೆ 8 ಡಿಗ್ರಿಯಂಥ ಹವೆಯಲ್ಲಿ ಒಂದು ಯೂನಿಟ್‌ಗೆ ಮೂರು ಯೂನಿಟ್‌ನಷ್ಟು ಶಾಖ ಸಿಗುವುದು ಸಾಮಾನ್ಯ, ಚಳಿ ಹೆಚ್ಚಿದಷ್ಟೂ ಈ ಲಾಭ ಇಳಿಯುತ್ತದೆ. ಒಳಗಿನ ಪೆಟ್ಟಿಗೆ ಗೋಡೆಯ ಮೇಲ್ಭಾಗದಲ್ಲಿ ಇರುವುದರಿಂದ ಚಳಿಗಾಲದಲ್ಲಿ ಅದರ ರೆಕ್ಕೆಯನ್ನು ಪೂರ್ತಿ ಕೆಳಮುಖ ಮಾಡಬೇಕು, ಫ್ಯಾನ್ ವೇಗ ಮಧ್ಯಮಕ್ಕಿಂತ ಮೇಲಿರಬೇಕು. ನೇರಕ್ಕೆ ಬಿಟ್ಟರೆ ಬಿಸಿಗಾಳಿ ಮತ್ತೆ ಸೂರಿಗೇ ಹೋಗಿ ಅದರದೇ ಬಾಯಿಗೆ ಮರಳಿ ಬೇಗ ನಿಲ್ಲುತ್ತದೆ. ಬಾಗಿಲ ಮೇಲೆ, ಎತ್ತರದ ಬೀರುವಿನ ಎದುರು ಕೂರಿಸಬೇಡಿ.

ಬೆಡ್‌ರೂಮಿನ ವಿಷಯ. ಹೀಟರನ್ನು ಮಲಗುವಾಗಲ್ಲ, ಮಲಗುವ ಒಂದು ಗಂಟೆ ಮುಂಚೆ ಒಯ್ದು, ಬಾಗಿಲು ಮುಚ್ಚಿ ಹಾಕಿ. ಮಂಚದ ಕಾಲ್ದೆಸೆಯಲ್ಲಿ, ಹೊದಿಕೆ ಜಾರಿ ಬಿದ್ದರೂ ತಾಗದಷ್ಟು, ಅಂದರೆ ಒಂದು ಮೀಟರಿಗೂ ಹೆಚ್ಚು ದೂರ ಇರಲಿ. ತಲೆದೆಸೆ ಹೊರಗೋಡೆಗಿದ್ದರೆ ಮಂಚ ತಿರುಗಿಸಿ. ಮಲಗಿದ ಮೇಲೆ ಕಡಿಮೆ ವಾಟ್‌ಗೆ ಇಳಿಸಿ ಅಥವಾ ಟೈಮರ್‌ನಿಂದ ಆರುವಂತೆ ಮಾಡಿ. ಎಣ್ಣೆಯಲ್ಲಿ ಉಳಿದ ಬಿಸಿ ಇನ್ನೂ ಸ್ವಲ್ಪ ಹೊತ್ತು ಬರುತ್ತದೆ. ಹೊಳೆಯುವ ರಾಡಿನ ಹೀಟರನ್ನು ಮಲಗಿದ ಕೋಣೆಯಲ್ಲಿ ಬಿಡಬಾರದು. ಹಾಸಿಗೆಯಷ್ಟೇ ಬೆಚ್ಚಗಾದರೆ ಸಾಕು ಎನ್ನುವವರಿಗೆ ಸುಮಾರು 100 ವಾಟ್‌ನ ಎಲೆಕ್ಟ್ರಿಕ್ ಅಡಿಹೊದಿಕೆಗಿಂತ ಅಗ್ಗದ ದಾರಿ ಇಲ್ಲ. ಆಯಿಲ್ ಹೀಟರನ್ನು ಒಯ್ಯುವಾಗ ಪ್ಲಗ್ ಕಿತ್ತು, ನೆಟ್ಟಗೇ ತಳ್ಳಿ. ಮಲಗಿಸಿದರೆ ಒಳಗಿನ ಕಾಯುವ ರಾಡು ಎಣ್ಣೆಯಿಂದ ಹೊರಗುಳಿದು ಸುಟ್ಟುಹೋಗಬಹುದು. ಅಕಸ್ಮಾತ್ ಉರುಳಿದರೆ ನೆಟ್ಟಗೆ ನಿಲ್ಲಿಸಿ ಎಣ್ಣೆ ಕೆಳಗಿಳಿಯಲು ಸಮಯ ಕೊಟ್ಟ ಮೇಲೆಯೇ ಹಾಕಿ.

ಹೊಗೆಕೊಳವೆಯಿಲ್ಲದ ಗ್ಯಾಸ್ ಅಥವಾ ಸೀಮೆಎಣ್ಣೆ ಹೀಟರನ್ನಾಗಲಿ, ಕೆಂಡವನ್ನಾಗಲಿ ಮಲಗುವ ಕೋಣೆಗೆ ತರಲೇಬೇಡಿ. ಮೇಲೆ ಹೇಳಿದ ಸಂದು ಮುಚ್ಚುವ ಕೆಲಸ ಎಲೆಕ್ಟ್ರಿಕ್ ಹೀಟರಿಗೆ ಮಾತ್ರ. ಉರಿಯುವ ಹೀಟರಿದ್ದಲ್ಲಿ ಸಂದು ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಜೊತೆಗೆ ಒಂದು ಲೀಟರ್ ಸೀಮೆಎಣ್ಣೆ ಉರಿದರೆ ಒಂದು ಲೀಟರಿಗೂ ತುಸು ಹೆಚ್ಚು ನೀರು ಆವಿಯಾಗಿ ಕೋಣೆಗೆ ಸೇರುತ್ತದೆ. ತಣ್ಣನೆಯ ಗೋಡೆಯ ಮೂಲೆಗಳಲ್ಲಿ ಕಪ್ಪು ಬೂಷ್ಟು ಹಿಡಿಯುವುದು ಹೀಗೆಯೇ. ಸ್ನಾನದ ಮನೆಗೆ ಚಕ್ರದ ಹೀಟರ್ ಒಯ್ಯಬೇಡಿ. ಅಲ್ಲಿಗೆ ನೀರು ಸಿಡಿದರೂ ತೊಂದರೆಯಾಗದ ಐಪಿಎಕ್ಸ್4 ದರ್ಜೆಯ, ಗೋಡೆಗೆ ಎತ್ತರದಲ್ಲಿ ಕೂರಿಸಿದ, 30 ಮಿಲಿಆಂಪಿಯರ್ ಸೋರಿಕೆ ತಡೆಯುವ ಸ್ವಿಚ್ಚಿನ ರಕ್ಷಣೆಯಿರುವ ಹೀಟರೇ ಆಗಬೇಕು, ಅದೂ ಶವರಿನಿಂದ ಆದಷ್ಟು ದೂರ.

ಹೊಸ ಜಾಗಕ್ಕೆ ಹೀಟರ್ ಸರಿಸಿದ ಮೇಲೆ ಹೆಚ್ಚಿನವರು ಮಾಡುವುದು ಎಕ್ಸ್‌ಟೆನ್ಷನ್ ಬೋರ್ಡ್ ಹಾಕುವುದು. ಮಾಡಬೇಡಿ. 1500 ವಾಟ್ ಹೀಟರ್ 230 ವೋಲ್ಟ್‌ನಲ್ಲಿ 6.5 ಆಂಪಿಯರ್, 120 ವೋಲ್ಟ್‌ನಲ್ಲಿ 12.5 ಆಂಪಿಯರ್ ಎಳೆಯುತ್ತದೆ, ಗಂಟೆಗಟ್ಟಲೆ, ಬಿಡುವಿಲ್ಲದೆ. ಸಡಿಲವಾದ ಪ್ಲಗ್ಗಿನಲ್ಲಿ ಬರೀ ಅರ್ಧ ಓಮ್ ತಡೆ ಇದ್ದರೂ 6.5 ಆಂಪಿಯರಿಗೆ ಅಲ್ಲೇ 21 ವಾಟ್, 12.5 ಆಂಪಿಯರಿಗೆ 78 ವಾಟ್ ಬಿಸಿ ಹುಟ್ಟುತ್ತದೆ. ಪ್ಲಾಸ್ಟಿಕ್ ಕರಗಲು ಅಷ್ಟು ಸಾಕು. ಆದ್ದರಿಂದ ದೊಡ್ಡ ಸಾಕೆಟ್ ಎಲ್ಲಿದೆ ಎಂದು ಮೊದಲು ನೋಡಿ, ಬೇಕಾದ ಕಡೆ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್‌ರಿಂದ ಅಲ್ಲಿಗೆ ಹೊಸ ಲೈನ್ ಎಳೆಸಿ. ಸಾಕೆಟ್ ಹೀಟರಿನ ನೇರ ಮೇಲ್ಗಡೆ ಬರದಿರಲಿ, ವೈರ್ ಜಮಖಾನೆಯ ಅಡಿಯಲ್ಲಿ ಹೋಗದಿರಲಿ. ಮೊದಲ ಸಲ ಹಾಕಿ ಅರ್ಧ ಗಂಟೆಯಾದ ಮೇಲೆ ಹೀಟರ್ ಆರಿಸಿ, ಪ್ಲಗ್ಗಿನ ಹೊರಮೈ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಡಲಾರದಷ್ಟು ಬಿಸಿಯಾಗಿದ್ದರೆ ಅಥವಾ ಪಿನ್ನುಗಳ ಸುತ್ತ ಕಂದು ಕಲೆ ಕಂಡರೆ ಸಾಕೆಟ್ ಮತ್ತು ಪ್ಲಗ್ ಎರಡನ್ನೂ ಬದಲಿಸಿಯೇ ಮತ್ತೆ ಹಾಕಿ. ಒಂದನ್ನಷ್ಟೇ ಬದಲಿಸಿದರೆ ಹಳೆಯದರ ಸುಟ್ಟ ಪಿನ್ನು ಹೊಸದನ್ನೂ ಕೆಡಿಸುತ್ತದೆ.